ಬಾಯಿ ಬಿಟ್ಟ ಮರುವಾಯಿ ಬಗ್ಗೆ ಪುಟ್ಟಿಗೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಹೊತ್ತಾಗುತ್ತೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕೇಳು. ಗ್ರೂಪ್‌ನಲ್ಲಿರುವ ಉಳಿದವರೂ ಕೇಳಿ.

ಬೆಳಿಗ್ಗೆ ತಂದ ಮರುವಾಯಿಯಲ್ಲಿ, ಅಂದರೆ ಎರಡು ಚಿಪ್ಪಿನ ಕಡಲ ಜೀವಿಯಲ್ಲಿ, ಕೆಲವು ಆಗಲೇ ಬಾಯಿ ಬಿಟ್ಟುಕೊಂಡಿವೆ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ಆಗುತ್ತಾ, ಸಂಜೆ ಊಟಕ್ಕೆ ಜನ ಬರುತ್ತಾರೆ ಅಂತ ಕೇಳಿದ್ದೀಯ. ಆಗಲ್ಲ ಪುಟ್ಟಿ. ಬೇಯಿಸುವ ಮೊದಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚಿಕೊಳ್ಳದ ಮರುವಾಯಿ ಸತ್ತುಹೋಗಿರುತ್ತೆ. ಅದನ್ನು ಪಾತ್ರೆಗೆ ಹಾಕಲೇಬೇಡ. ದುಡ್ಡು ಹೋಯಿತಲ್ಲಾ ಅಂತ ನೋಡಬೇಡ, ಎಸೆದುಬಿಡು.

ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂತ ನಿನ್ನ ಅಮ್ಮನಿಗೆ ಗೊತ್ತು. ನಿಮ್ಮ ದೊಡ್ಡ ದೊಡ್ಡಪ್ಪನ, ಅಂದರೆ ನನ್ನ ಗಂಡನ ಅಣ್ಣನ ಕಥೆ. ಅವರ ಸ್ವಭಾವ ನಿಮಗೆಲ್ಲ ಗೊತ್ತಲ್ಲ, ಒಂದು ಮಾತು ಬಾಯಿಂದ ಬಂದರೆ ಮುಗಿಯಿತು. ನಾನು ಆಗ ಮದುವೆಯಾಗಿ ಈ ಮನೆಗೆ ಬಂದ ಹೊಸತು. ಹಿಂದಿನ ದಿನ ಸಂಜೆ ಅವರೇ ಮರುವಾಯಿ ತಂದಿದ್ದರು. ತಂದವರು ಬಕೆಟ್‌ಗೆ ಸುರಿದು, ನಲ್ಲಿ ನೀರು ತುಂಬಿಸಿ, ಮೇಲೆ ಮುಚ್ಚಳ ಬಿಗಿದು ಮಲಗಿದರು. ಸಿಹಿ ನೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಅವು ಬದುಕುತ್ತವಾ? ಉಪ್ಪು ನೀರಿನ ಜೀವ ಅದು. ಗಾಳಿಯೂ ಬೇಕು ಅದಕ್ಕೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ನೀರು ಮಬ್ಬಾಗಿ, ಮೇಲೆ ನೊರೆ ಕಟ್ಟಿತ್ತು. ಅರ್ಧಕ್ಕೆ ಅರ್ಧ ಬಾಯಿ ಬಿಟ್ಟಿದ್ದವು. ಒಂದನ್ನು ಎತ್ತಿ ಬೆರಳಿನಿಂದ ಚಿಪ್ಪು ಒತ್ತಿದೆ. ಮುಚ್ಚಿತು, ಬೆರಳು ತೆಗೆದ ಕೂಡಲೇ ಮತ್ತೆ ತೆರೆದುಕೊಂಡಿತು. ಒಳಗಿನ ಮಾಂಸ ಒಂದು ಮೂಲೆಗೆ ಮುದುರಿಕೊಂಡಿತ್ತು. ವಾಸನೆ ಬೇರೆ.

ನಾನು ಓರಗಿತ್ತಿ ಅಕ್ಕನಿಗೆ ಹೇಳಿದೆ, ಇದು ಬೇಡ, ಚೆಲ್ಲಿಬಿಡೋಣ ಅಂತ. ದೊಡ್ಡಪ್ಪ ಅಲ್ಲೇ ಕೂತಿದ್ದವರು, "ಕುದಿಯುವ ಹಬೆಯಲ್ಲಿ ಏನು ಉಳಿಯುತ್ತೆ? ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡಬೇಡ" ಅಂದರು. ಬೇಯಿಸು ಅಂತ ನನಗೇ ಹೇಳಿದರು. ಹಿರಿಯರ ಮಾತು, ಬೇಯಿಸಿದೆ. ನಾನು ಮುಟ್ಟಲಿಲ್ಲ, ಅಕ್ಕ ಎರಡು ತಿಂದು ಬಿಟ್ಟರು. ದೊಡ್ಡಪ್ಪ ಹಟಕ್ಕೆ ತಟ್ಟೆ ತುಂಬಾ ತಿಂದರು.

ಆ ರಾತ್ರಿ ಶುರುವಾಯಿತು ನೋಡು. ವಾಂತಿ, ಭೇದಿ, ಚಳಿ ಜ್ವರ. ಬೆಳಗಾಗುವಷ್ಟರಲ್ಲಿ ಆಸ್ಪತ್ರೆ, ಡ್ರಿಪ್. ಡಾಕ್ಟರು ಬಂದವರೇ ಮೊದಲು ಕೇಳಿದ್ದು, "ತುಟಿ ಜುಮ್ ಅನ್ನುತ್ತಿದೆಯಾ? ನಾಲಿಗೆ ಮರಗಟ್ಟಿದೆಯಾ? ಉಸಿರಾಟಕ್ಕೆ ಕಷ್ಟ ಆಗುತ್ತಿದೆಯಾ?" ಅಂತ. ಇಲ್ಲ ಅಂದ ಮೇಲೆ ಅವರಿಗೆ ಸ್ವಲ್ಪ ಸಮಾಧಾನ ಆಯಿತು. ಯಾಕೆ ಹಾಗೆ ಕೇಳಿದಿರಿ ಅಂತ ನಾನೇ ಆಮೇಲೆ ವಿಚಾರಿಸಿದೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿರುವ ರೋಗಾಣು, ವಿಷ ಎಲ್ಲವೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತೆ. ಕೆಲವು ಜಾತಿಯ ಸೂಕ್ಷ್ಮ ಪಾಚಿ ಹೆಚ್ಚಾದ ಕಾಲದಲ್ಲಿ ಸ್ಯಾಕ್ಸಿಟಾಕ್ಸಿನ್ ಅನ್ನುವ ವಿಷ ಸೇರಿಕೊಳ್ಳುತ್ತಂತೆ. ಅದು ನರಗಳಿಗೆ ಹೊಡೆಯುತ್ತೆ. ಎಷ್ಟು ಬೇಯಿಸಿದರೂ ಹೋಗಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಬೆಳ್ಳಿ ಚಮಚ ಹಾಕಿ ಕಪ್ಪಾಗುತ್ತಾ ನೋಡುವುದು, ಬೆಳ್ಳುಳ್ಳಿ ಹಾಕಿ ನೋಡುವುದು ಇವೆಲ್ಲ ಸುಳ್ಳು, ಅದನ್ನು ನಂಬಿ ಕೂರಬೇಡಿ. 1793ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಅವರ ಹಡಗಿನವರು ದಡದಲ್ಲಿ ಇಳಿದು ಇಂಥದ್ದೇ ಚಿಪ್ಪಿನ ಜೀವಿ ತಿಂದಿದ್ದರಂತೆ. ಜಾನ್ ಕಾರ್ಟರ್ ಅನ್ನುವ ನಾವಿಕ ಬೆಳಿಗ್ಗೆ ತಿಂದವನು ಮಧ್ಯಾಹ್ನಕ್ಕೆ ತೀರಿಹೋದ. ಅದಕ್ಕೇ ಇದು ಮರುವಾಯಿ ಹಿಡಿಯಲು ನಿಷೇಧ ಇರುವ ನೀರಿನಿಂದ ತಂದದ್ದಲ್ಲ ಅಂತ ಮಾರುವವರ ಹತ್ತಿರ ಕೇಳಿಯೇ ತರಬೇಕು. ತಿಂದ ಮೇಲೆ ತುಟಿ ಜುಮ್ ಅಂದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ದೊಡ್ಡಪ್ಪನಿಗೆ ಆಗಿದ್ದು ಅದಲ್ಲ. ಸತ್ತ ಮರುವಾಯಿ ಕೆಟ್ಟು, ರೋಗಾಣು ಬೆಳೆದು ಆದದ್ದು. ಅವರಿಗೆ ಲಿವರ್ ತೊಂದರೆ ಬೇರೆ ಇತ್ತಲ್ಲ. ಅಂಥವರಿಗೆ ಇದು ಪ್ರಾಣಕ್ಕೇ ಬರುತ್ತೆ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಕೈಯಲ್ಲಿದ್ದ ಉಂಗುರ ಸಡಿಲವಾಗಿ ಬೀಳುವಷ್ಟು ಇಳಿದುಹೋಗಿದ್ದರು ಮನೆಗೆ ಬಂದಾಗ.

ಇಷ್ಟಾದ ಮೇಲೆ ಏನಾಯಿತು ಗೊತ್ತಾ? ಯಾರಾದರೂ "ನೀನು ಹೇಳಿದ್ದು ಸರಿ ಇತ್ತು ಕಣೇ" ಅಂದರಾ? ಇಲ್ಲ. ನೋಡಲು ಬಂದವರೆಲ್ಲ ಕೇಳಿದ್ದು, "ಅಡುಗೆ ಮಾಡಿದ್ದು ಯಾರು?" ಅಂತ. ದೊಡ್ಡಪ್ಪ ಸುಮ್ಮನೆ ಗೋಡೆ ನೋಡಿದರು. ಅಕ್ಕನೂ ಬಾಯಿ ಬಿಡಲಿಲ್ಲ, ಅವರ ಎದುರಿಗೇ ತಾನೇ ನಾನು ಬೇಡ ಅಂದಿದ್ದು. ಆಮೇಲೆ ಎಷ್ಟೋ ವರ್ಷ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಎಲ್ಲಿ ಮೀನಿನ ಮಾತು ಬಂದರೂ "ಅವಳ ಕೈಯದ್ದು ತಿಂದು ಅಣ್ಣ ಆಸ್ಪತ್ರೆ ಸೇರಿದ್ದು ನೆನಪಿದೆಯಾ" ಅಂತ ಯಾರಾದರೂ ಎತ್ತುತ್ತಿದ್ದರು. ಇವರೂ, ನನ್ನ ಗಂಡ, ಅಣ್ಣನ ಎದುರು ಒಂದು ಮಾತು ಆಡಲಿಲ್ಲ. ನನಗೆ ಅದು ಇವತ್ತಿಗೂ ನೋವು. ಹೇಳಿದವಳು ನಾನು, ಬೇಯಿಸು ಅಂದವರು ಅವರು, ಹೆಸರು ಕೆಟ್ಟದ್ದು ನನ್ನದು. ಮನೆಗೆ ಬಂದ ಹುಡುಗಿ ಅಡುಗೆಮನೆಯಲ್ಲಿ ಒಂದು ಮಾತು ಹೇಳಿದರೆ ಕೇಳಿಸಿಕೊಳ್ಳಬೇಕು, ಅಲ್ವಾ? ಅವಳಿಗೂ ಮೂಗಿದೆ, ಕಣ್ಣಿದೆ. ನಿನ್ನ ಅತ್ತಿಗೆ ಏನಾದರೂ ಹೇಳಿದರೆ ನೀವು ಮೂರು ಜನ ಸೇರಿಕೊಂಡು ಅವಳ ಬಾಯಿ ಮುಚ್ಚಿಸುತ್ತೀರಲ್ಲ, ಹೋದ ಸಲ ನಾನು ಅಲ್ಲೇ ಇದ್ದೆ, ನೋಡಿದ್ದೇನೆ. ನನಗೆ ಅದು ಸ್ವಲ್ಪವೂ ಇಷ್ಟ ಆಗಲಿಲ್ಲ.

ಇರಲಿ. ಅಯ್ಯೋ, ನೀನು ಅಲ್ಲಿ ಮರುವಾಯಿ ಎದುರಿಗೆ ಇಟ್ಟುಕೊಂಡು ಕಾಯುತ್ತಿದ್ದೀಯ. ಇನ್ನೊಂದು ಸಲ ಹೇಳುತ್ತೇನೆ, ಬಾಯಿ ಬಿಟ್ಟು ಮುಚ್ಚದ್ದನ್ನು ಹಾಕಬೇಡ. ಬೇಯಿಸಿದರೆ ಸರಿಹೋಗುತ್ತೆ ಅಂತ ಯಾರು ಹೇಳಿದರೂ ಕೇಳಬೇಡ.

ಈಗ ಹೀಗೆ ಮಾಡು. ಬಾಯಿ ಬಿಟ್ಟಿದ್ದೆಲ್ಲ ಸತ್ತಿದೆ ಅಂತಲೂ ಅಲ್ಲ. ಒಂದೊಂದನ್ನೇ ಕೈಗೆ ತಗೊಂಡು ಇನ್ನೊಂದು ಚಿಪ್ಪಿನಿಂದ ತಟ್ಟು, ಸ್ವಲ್ಪ ಕಾಯು. ಜೀವ ಇದ್ದರೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತೆ. ಒಡೆದ ಚಿಪ್ಪಿನದನ್ನೂ ತೆಗೆದುಹಾಕು. ಮುಚ್ಚಿದ್ದರಲ್ಲೂ ಯಾವುದಾದರೂ ಕಲ್ಲಿನಂತೆ ಭಾರ ಇದ್ದರೆ ಎರಡು ಚಿಪ್ಪನ್ನೂ ಹೆಬ್ಬೆರಳಿನಿಂದ ಅಡ್ಡಕ್ಕೆ ಒತ್ತಿ ಜರುಗಿಸಿ ನೋಡು. ಜರುಗಿದರೆ ಒಳಗೆ ಬರೀ ಕೆಸರು. ಅಂಥದ್ದು ಒಂದು ಬಿದ್ದರೂ ಇಡೀ ಪಾತ್ರೆ ಹಾಳು.

ಉಳಿದದ್ದನ್ನು ಉಜ್ಜಿ ತೊಳೆದು ಉಪ್ಪು ನೀರಿನಲ್ಲಿಡು. 1 ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು, ಸಮುದ್ರದ ನೀರಿನಷ್ಟೇ. ಮೇಲೆ ಬಟ್ಟೆ ಹಾಕಿ, ಕತ್ತಲೆಯ ತಂಪು ಜಾಗದಲ್ಲಿ ಒಂದೆರಡು ಗಂಟೆ. ಪುಟ್ಟ ಎರಡು ಕೊಳವೆ ಹೊರಗೆ ಚಾಚಿ ನೀರು ಚಿಮ್ಮಿಸುತ್ತಾ ಮರಳು ಕಕ್ಕುತ್ತವೆ. ತೆಗೆಯುವಾಗ ಕೈಯಲ್ಲಿ ಎತ್ತಿ ತೆಗೆ, ನೀರಿನ ಸಮೇತ ಬಗ್ಗಿಸಿದರೆ ತಳದ ಮರಳು ವಾಪಸ್ ಅದರ ಮೇಲೇ ಬೀಳುತ್ತೆ. ಜನ ಬರುವವರೆಗೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಬೇಡ.

ಅಗಲವಾದ ಪಾತ್ರೆ ತಗೋ. ಅರ್ಧ ಇಂಚು ನೀರು ಸಾಕು, ಅದು ಕುದಿಯಲಿ, ಆಮೇಲೆ ಹಾಕು. ರಾಶಿ ಹಾಕಬೇಡ, ನಡುವಿನವು ಬೇಯಲ್ಲ. ಜಾಸ್ತಿ ಇದ್ದರೆ ಎರಡು ಸಲ ಮಾಡು. ಮುಚ್ಚಳ ಬಿಗಿಯಾಗಿ ಮುಚ್ಚಿ, ಹಬೆ ಬಂದ ಮೇಲೆ ಗಾತ್ರ ನೋಡಿ 4ರಿಂದ 9 ನಿಮಿಷ. ಮೊದಲನೆಯದು ಬಾಯಿ ತೆರೆದ ಕೂಡಲೇ ಒಲೆ ಆರಿಸಬೇಡ. ಶಾಖ ಒಳಗಿನವರೆಗೆ ಹೋಗಿರಲ್ಲ, ಹೆಪಟೈಟಿಸ್ ಎ ವೈರಸ್ ಅಷ್ಟು ಸುಲಭಕ್ಕೆ ಸಾಯಲ್ಲ. ಎಲ್ಲಾ ತೆರೆದ ಮೇಲೂ ಸ್ವಲ್ಪ ಬಿಡು. ಕೊನೆಗೂ ತೆರೆಯದೆ ಉಳಿದದ್ದನ್ನು ಚಾಕು ಹಾಕಿ ಬಿಡಿಸಬೇಡ, ಎಸೆದುಬಿಡು. ನೀರಿಗೆ ಉಪ್ಪು ಬೇಡ, ಅದರದ್ದೇ ರಸ ಉಪ್ಪಾಗಿರುತ್ತೆ. ಆ ರಸ ಚೆಲ್ಲಬೇಡ, ತೆಳು ಬಟ್ಟೆಯಲ್ಲಿ ಸೋಸಿ ಮೇಲೆ ಹಾಕು.

ಬರುವವರಿಗೆ ಫೋನ್ ಮಾಡಿ ಚಿಪ್ಪಿನದ್ದು ತಿಂದರೆ ಅಲರ್ಜಿ ಆಗುವವರು ಯಾರಾದರೂ ಇದ್ದಾರಾ ಅಂತ ಈಗಲೇ ಕೇಳಿಕೋ. ತಟ್ಟಿ ನೋಡಿದ ಮೇಲೆ ಎಷ್ಟು ಉಳಿಯಿತು ಅಂತ ಇಲ್ಲಿ ಹಾಕು. ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.