ಪದಚರ್ಚೆ: ಅರ್ಧಂಬರ್ಧ ಕೇಳಿಸುವ ಮಗುವಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಕಿವಿ ತಪಾಸಣೆಗೆ ಉಚಿತ ಶಿಬಿರ ನಡೆಸುವ ಸಣ್ಣ ಟ್ರಸ್ಟೊಂದಕ್ಕೆ ನಾನು ಕರಪತ್ರ ಬರೆದುಕೊಡುತ್ತೇನೆ. ಹೊಸ ಕರಪತ್ರ ಅಚ್ಚಿಗೆ ಹೋಗಬೇಕಿದೆ. ಒಂದು ಪದ ಸಿಗುತ್ತಿಲ್ಲ. ಜೋರಾಗಿ ಕೂಗಿದರೆ ಮಗುವಿಗೆ ಕೇಳಿಸುತ್ತದೆ, ಮೆಲ್ಲಗೆ ಕರೆದರೆ ಕೇಳಿಸುವುದಿಲ್ಲ. ಇಂಥ ಮಗುವಿನ ಬಗ್ಗೆ ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಏನೆಂದು ಹೇಳುತ್ತಾರೆ?

ಕಿವುಡು ಇದೆಯಲ್ಲ ಎನ್ನಬಹುದು. ಹಳೆಯ, ಗಟ್ಟಿ ಪದ. ಕಿವಿಯಿಂದಲೇ ಹುಟ್ಟಿದ್ದು. ತಮಿಳಿನ ಸೆವಿ, ಸೆವಿಡು, ತೆಲುಗಿನ ಚೆವಿ, ಚೆವುಡು ಎಲ್ಲವೂ ಇದರ ಒಡಹುಟ್ಟುಗಳು. ಉತ್ತರ ಕರ್ನಾಟಕಕ್ಕೆ, ಕರಾವಳಿಗೆ ಹೋದರೆ ಕೆಪ್ಪ, ಕೆಪ್ಪು. ಈ ಪದಗಳ ಬಗ್ಗೆ ನನಗೆ ತಕರಾರಿಲ್ಲ. ಕಿವುಡರ ಸಂಘಗಳೇ ತಮ್ಮ ಹೆಸರಿನಲ್ಲಿ ಇದನ್ನು ಇಟ್ಟುಕೊಂಡಿವೆ. ಆದರೆ ಮಾತಿನಲ್ಲಿ ಕಿವುಡು ಅಂದರೆ ಏನೂ ಕೇಳಿಸದು ಎಂದೇ ಅರ್ಥ. 'ಕಿವುಡು ಮಕ್ಕಳ ತಪಾಸಣೆ' ಎಂದು ಬರೆದರೆ ತಾಯಂದಿರು ಬರುವುದಿಲ್ಲ. 'ನಮ್ಮ ಹುಡುಗ ಕಿವುಡ ಅಲ್ಲ, ತಟ್ಟೆ ಬಿದ್ರೆ ತಿರುಗಿ ನೋಡ್ತಾನೆ' ಅನ್ನುತ್ತಾರೆ. ಅವರು ಹೇಳುವುದು ನಿಜವೇ. ತಟ್ಟೆಯ ಸದ್ದು ಜೋರು, ಬಾಗಿಲು ಬಡಿಯುವ ಸದ್ದು ದಪ್ಪ. ಅದಕ್ಕೆಲ್ಲ ತಿರುಗುವ ಮಗುವಿಗೂ ಸ, ಶ, ಚ ಥರದ ತೆಳುವಾದ ಸದ್ದುಗಳು ಕಿವಿಗೆ ಬೀಳದೆ ಇರಬಹುದು. ಕೇಳದ ಅಕ್ಷರ ಬಾಯಿಗೆ ಬರುವುದಾದರೂ ಹೇಗೆ? ಹಾಗಾಗಿ ಶಿಬಿರಕ್ಕೆ ಬಂದವರು ಕೂಡ 'ಕೇಳಿಸಲ್ಲ' ಅನ್ನುವುದಿಲ್ಲ. 'ಮಾತು ತಡ' ಅನ್ನುತ್ತಾರೆ. ಅಜ್ಜಿ ಜೊತೆಗೆ ಬಂದಿದ್ದರೆ, 'ಇವರಪ್ಪನಿಗೂ ಮಾತು ತಡವಾಗೇ ಬಂದಿದ್ದು, ಸುಮ್ನೆ ಹೆದರಬೇಡಿ' ಎಂದು ಸಮಾಧಾನ ಹೇಳುತ್ತಾರೆ. ಹೀಗೆ ಒಂದು ವರ್ಷ ಕಳೆದೇಹೋಗುತ್ತದೆ.

ಸರ್ಕಾರಿ ಕನ್ನಡದಲ್ಲಿರುವುದು ಶ್ರವಣದೋಷ. ನನಗೆ ಜಾಸ್ತಿ ತೊಂದರೆ ಕಾಣುವುದು ಇದರಲ್ಲೇ. ಶ್ರವಣ ಅಂದರೆ ಹಳ್ಳಿಯಲ್ಲಿ ಶ್ರಾವಣ ಮಾಸವೋ ಬೆಳಗೊಳವೋ ನೆನಪಾಗುತ್ತದೆ, ಅದಿರಲಿ. ದೋಷ ಅಂದರೆ? ನಾಗದೋಷ, ಗ್ರಹದೋಷ. ದೃಷ್ಟಿದೋಷ ಅಂತೂ ಕಣ್ಣಿನ ಡಾಕ್ಟರಿಗೆ ಒಂದು, ದೃಷ್ಟಿ ತೆಗೆಯುವ ಅಜ್ಜಿಗೆ ಇನ್ನೊಂದು. ದೋಷಕ್ಕೆ ಪರಿಹಾರ ಹುಡುಕಿಕೊಂಡು ಜನ ಹೋಗುವ ದಾರಿ ಆಸ್ಪತ್ರೆಯದಲ್ಲ. ಮಗುವಿನ ಕಿವಿಗೆ ದೋಷ ಅಂದ ತಕ್ಷಣ ಯಾರ ದೋಷ ಎಂಬ ಪ್ರಶ್ನೆಯೂ ಏಳುತ್ತದೆ, ಅದು ಬಂದು ನಿಲ್ಲುವುದು ತಾಯಿಯ ತಲೆಯ ಮೇಲೆ. ಕರಪತ್ರದಲ್ಲಿ ಈ ಪದ ಬೇಡವೆಂದು ನಾನು ಗಟ್ಟಿಯಾಗಿಯೇ ಹೇಳಿದ್ದೇನೆ.

ಕಿವಿ ಮಂದ ಇದೆ, ಕಿವಿ ದೂರ ಇದೆ. ಎರಡೂ ಚೆಂದವೇ, ಆದರೆ ಅಜ್ಜ ಅಜ್ಜಿಯರಿಗೆ ಮೀಸಲು. ಅದೂ ಅಲ್ಲದೆ ಮಗುವಿಗೆ ಮಂದ ಅಂದರೆ ಬುದ್ಧಿಮಂದ ಅಂದುಕೊಳ್ಳುತ್ತಾರೆ. ಕೇಳಿಸದೆ ಹಿಂದೆ ಬಿದ್ದ ಮಕ್ಕಳನ್ನು ಶಾಲೆಯಲ್ಲಿ ದಡ್ಡರ ಸಾಲಿಗೆ ಸೇರಿಸುವುದು ಮೊದಲೇ ಇದೆ, ಅಲ್ವಾ?

ಕಣ್ಣಿನ ವಿಷಯದಲ್ಲಿ ಹೀಗಿಲ್ಲ ನೋಡಿ. ಮೆಳ್ಳೆಗಣ್ಣು, ಮಾಲುಗಣ್ಣು, ಇರುಳುಗುರುಡು, ವಯಸ್ಸಾದವರಿಗೆ ಚಾಳೀಸು. ಕಿವಿಗೆ ಮಾತ್ರ ಹೌದು ಅಥವಾ ಇಲ್ಲ, ಎರಡೇ. ಕಾನೂನಿನಲ್ಲಾದರೂ ನಡುವೆ ಒಂದು ಮೆಟ್ಟಿಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಕೇಳ್ಮೆ ನಷ್ಟವಿದ್ದರೆ ಒಂದು ಹೆಸರು, 60ರಿಂದ 70ರ ನಡುವೆ ಇದ್ದರೆ ಇನ್ನೊಂದು. ಈ ಎರಡನೆಯದಕ್ಕೆ, ಅದಕ್ಕಿಂತ ಕಡಿಮೆ ಇರುವುದಕ್ಕೆ, ಮನೆಮಾತಿನಲ್ಲಿ ಏನಿದೆ? ಅರೆಗಿವುಡು ಎಂದು ನಾನೇ ಕಟ್ಟಿ ನೋಡಿದೆ. ಸಂಧಿ ಸರಿ, ಆದರೆ ಕಿವುಡು ಅದರೊಳಗೂ ಇದೆ.

ಪದ ಸರಿಯಿದ್ದರೆ ಕೆಲಸ ಎಷ್ಟು ಸಲೀಸು ಎಂಬುದಕ್ಕೆ 'ಕಿವಿ ಸೋರುವುದು' ಸಾಕ್ಷಿ. 'ಮಗುವಿಗೆ ಕಿವಿ ಸೋರುತ್ತಾ?' ಎಂದು ಕೇಳಿದರೆ ವಿವರಿಸಬೇಕಾಗಿಯೇ ಇಲ್ಲ. ಎಷ್ಟು ದಿನದಿಂದ, ಯಾವ ಕಿವಿ, ವಾಸನೆ ಇದೆಯಾ, ಎಲ್ಲವನ್ನೂ ತಾವೇ ಹೇಳುತ್ತಾರೆ. ಬಿಸಿ ಎಣ್ಣೆ ಹಾಕಿದ್ದು, ಪಿನ್ನಿನಲ್ಲಿ ಗುಗ್ಗೆ ತೆಗೆದದ್ದು ಕೂಡ ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ಎಣ್ಣೆ ಬೇಡ, ಕಡ್ಡಿ ಬೇಡ, ಕಿವಿ ಒಣಗಿರಲಿ, ನೆಗಡಿ ಬಿಡದಿದ್ದರೆ ತೋರಿಸಿ ಎಂದು ಹೇಳುವುದು ಸುಲಭ. ಮಕ್ಕಳ ಕಿವುಡುತನದಲ್ಲಿ ಶೇಕಡಾ 60ರಷ್ಟು ತಡೆಯಬಹುದಾದ ಕಾರಣಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿ ಸೋರುವುದು, ಬಸುರಿಗೆ ರುಬೆಲ್ಲಾ ತಗಲುವುದು, ಹುಟ್ಟಿದ ಕೂಸಿನ ವಿಪರೀತ ಕಾಮಾಲೆ, ಮೆದುಳು ಜ್ವರ ಎಲ್ಲ ಅದರೊಳಗಿವೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ ರುಬೆಲ್ಲಾ ಲಸಿಕೆ ಹಾಕಿದ್ದು ನೆನಪಿರಬಹುದು. ಅದು ಕಿವಿ ಉಳಿಸುವ ಲಸಿಕೆಯೂ ಹೌದು ಎಂದು ಯಾರೂ ಜೋರಾಗಿ ಹೇಳಲಿಲ್ಲ.

ಹೊತ್ತು ಮೀರಬಾರದು ಎಂಬುದೇ ನನ್ನ ಅವಸರ. ಮಗು ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿಗೆ ಹಾಕುವ ಮಿಷನ್ನೋ ತರಬೇತಿಯೋ ಶುರು ಎಂಬುದು ಈ ಕ್ಷೇತ್ರದವರ ಲೆಕ್ಕ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇಲ್ಲೇ ಪಕ್ಕದಲ್ಲಿದೆ. ಅಲ್ಲಿನ ಪುಟ್ಟ ಮಕ್ಕಳ ತರಗತಿಯಲ್ಲಿ ತಾಯಂದಿರೂ ಕೂತು ಕಲಿಯುತ್ತಾರೆ. ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ, ಕಾಕ್ಲಿಯರ್ ಇಂಪ್ಲಾಂಟಿಗೆ ಸರ್ಕಾರದ ನೆರವೂ ಇದೆ. ಟ್ರಸ್ಟಿನವರು ನೋಡಿಕೊಳ್ಳುವುದು ಅದರಾಚೆಯ ಸಣ್ಣ ಖರ್ಚುಗಳನ್ನು. ಬಸ್ ಚಾರ್ಜು, ಬ್ಯಾಟರಿ, ಮಿಷನ್ ಕಿವಿಯಲ್ಲಿ ಕೂರಲು ಮಗು ಬೆಳೆದಂತೆ ಮತ್ತೆ ಮತ್ತೆ ಮಾಡಿಸಬೇಕಾದ ಕಿವಿಯ ಅಚ್ಚು. ಈ ಸಣ್ಣದಕ್ಕೆ ದುಡ್ಡಿಲ್ಲದೆ ಮಿಷನ್ ಪೆಟ್ಟಿಗೆ ಸೇರುವುದು ಬಹಳ.

ಇನ್ನೊಂದು ಪ್ರಶ್ನೆಯೂ ಇದೆ. ಮಲಗಿದ ಕೂಸಿನ ಕಿವಿಗೆ ಪುಟ್ಟ ತುದಿಯೊಂದನ್ನು ಇಟ್ಟು ಸದ್ದು ಬಿಟ್ಟು ನೋಡುವ ಯಂತ್ರ 'ಪಾಸ್' ಅಥವಾ 'ರೆಫರ್' ಎಂದು ತೋರಿಸುತ್ತದೆ. ರೆಫರ್ ಅಂದರೆ ಇನ್ನೊಮ್ಮೆ ನೋಡಬೇಕು ಎಂದಷ್ಟೇ. ಹುಟ್ಟಿದ ಹೊಸತರಲ್ಲಿ ಕಿವಿಯೊಳಗೆ ನೀರಿದ್ದರೂ ಹಾಗೆ ಬರುತ್ತದೆ. ಆದರೆ ಪಾಸ್ ಪಕ್ಕದಲ್ಲಿ ನಿಂತಾಗ ಅದು ಫೇಲ್ ಎಂದೇ ಕೇಳಿಸುತ್ತದೆ. ಮೇಲಾಗಿ ನಮ್ಮಲ್ಲಿ ರೆಫರ್ ಮಾಡಿದರು ಅಂದರೆ ಕೇಸು ಸೀರಿಯಸ್ಸು, ದೊಡ್ಡಾಸ್ಪತ್ರೆಗೆ ಕಳಿಸಿದರು ಎಂದರ್ಥ. 'ಮರುನೋಟ' ಅನ್ನಬಹುದೇ? 'ಇನ್ನೊಮ್ಮೆ ನೋಡೋಣ' ಎಂದು ಚೀಟಿಯಲ್ಲಿ ಇಡಿಯಾಗಿ ಬರೆಯುವುದೇ ಮೇಲೇ?

ಸದ್ಯಕ್ಕೆ ಹೆಸರುಪದವನ್ನೇ ಬಿಟ್ಟು ಕರಪತ್ರ ಹೀಗೆ ಬರೆದಿದ್ದೇನೆ: 'ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ಮಗು ತಿರುಗುವುದಿಲ್ಲವೇ? ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡುತ್ತಿಲ್ಲವೇ? ಕಿವಿ ಸೋರುತ್ತದೆಯೇ? ಒಮ್ಮೆ ಕಿವಿ ತೋರಿಸಿ.' ಇದು ಕರಪತ್ರಕ್ಕೆ ಸಾಕು. ಅಂಗನವಾಡಿಯ ಪುಸ್ತಕದಲ್ಲಿ, ಶಾಲೆಯ ದಾಖಲೆಯಲ್ಲಿ ಒಂದೇ ಪದ ಬೇಕಾಗುತ್ತದೆ. ಬೀದರ್, ಧಾರವಾಡ, ಶಿರಸಿ, ಕುಂದಾಪುರ, ಕೋಲಾರ ಕಡೆಯವರು, ಮನೆಯಲ್ಲಿ ತುಳು, ಕೊಡವ, ಉರ್ದು ಆಡುವವರೂ ದಯವಿಟ್ಟು ಬರೆಯಿರಿ. ಪದದ ಜೊತೆ ಊರನ್ನೂ, ಅದನ್ನು ಮಗುವಿನ ಎದುರಿಗೇ ಹೇಳಬಹುದೋ ಇಲ್ಲವೋ ಎಂಬುದನ್ನೂ ತಿಳಿಸಿ.