ಓಮ್ನಿ ಎಂಜಿನ್ ಆಯಿಲ್ ಲೀಕ್: ಮನೆಯಲ್ಲೇ ಬಿಚ್ಚಿ ಸರಿ ಮಾಡಿದವರು ಅನುಭವ ಹೇಳಿ

ಕೋಣಂದೂರು_ಓಮ್ನಿ
1998ರ ಕಾರ್ಬುರೇಟರ್ ಓಮ್ನಿ. ರಾತ್ರಿ ಅಡಿಯಲ್ಲಿ ಅಡಿಕೆ ಹಾಳೆ ಹಾಸಿಟ್ಟರೆ ಬೆಳಿಗ್ಗೆ ಅಂಗೈ ಅಗಲ ಎಣ್ಣೆ ಬಿದ್ದಿರುತ್ತೆ. ತೊಟ್ಟಿಕ್ಕುವ ಜಾಗ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಕೆಳಗೆ. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್) ಹಾಕಬೇಕು, 9,500 ಆಗುತ್ತೆ ಅಂತ ಗ್ಯಾರೇಜಿನಲ್ಲಿ ಹೇಳಿದ್ದಾರೆ. ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಗಾಡಿಯ ಸ್ಕ್ರೂ ಜಾಕ್ ಇದೆ. ಎಲ್ಲಿಂದ ಶುರು ಮಾಡಲಿ?

ಸಾಗರ_ಎಂಟುನೂರು
ಗೇರ್‌ಬಾಕ್ಸಿಗೆ ಕೈ ಹಾಕಲೇಬೇಡಿ. ಈ 796 ಸಿಸಿ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕೂತಿರೋದು ಹೆಡ್ಡಿನ ಫ್ಲೈವೀಲ್ ಕಡೆಯ, ಅಂದರೆ ಗೇರ್‌ಬಾಕ್ಸ್ ಕಡೆಯ ತುದಿಗೆ. ಅದರ ಓ-ರಿಂಗ್ (ರಬ್ಬರ್ ಉಂಗುರ) ಸೋತರೆ ಎಣ್ಣೆ ಹೆಡ್ಡಿನ ಬೆನ್ನ ಮೇಲೆ ಇಳಿದು, ಬೆಲ್ ಹೌಸಿಂಗ್ ಸವರಿಕೊಂಡು, ಸರಿಯಾಗಿ ಹಿಂದಿನ ಸೀಲ್ ಲೀಕ್ ಆದ ಹಾಗೇ ತೊಟ್ಟಿಕ್ಕುತ್ತೆ. ನಮ್ಮ ಮಾರುತಿ 800ಕ್ಕೂ ಇದೇ ಸೀಲ್ ಹೋಗಿದೆ ಅಂತ ಹೇಳಿದ್ದರು. ಹೋದದ್ದು 35 ರೂಪಾಯಿ ರಿಂಗ್.

ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗೆ ತಿರುಗುವ ರೋಟರ್ ಎತ್ತ ಮುಖ ಮಾಡಿದೆ ಅಂತ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿ. ಬಾಡಿ ಮತ್ತು ಅದು ಕೂತ ಕೇಸ್ ಎರಡಕ್ಕೂ ಸೇರುವ ಹಾಗೆ ಇನ್ನೊಂದು ಗೆರೆ. ಹೊರಗೆಳೆಯುವಾಗ ಓರೆ ಹಲ್ಲಿನ ಗೇರ್ ಇರೋದರಿಂದ ರೋಟರ್ ಸ್ವಲ್ಪ ತಿರುಗುತ್ತೆ, ಪೂರ್ತಿ ಹೊರಗೆ ಬಂದಾಗ ಎಲ್ಲಿ ನಿಂತಿತು ಅಂತ ಮೂರನೇ ಗುರುತು ಬೇಕೇಬೇಕು. ಹಾಕುವಾಗ ಆ ಮೂರನೇ ಗುರುತಿನಿಂದ ಶುರು ಮಾಡಿ ಒತ್ತಿದರೆ ಮೊದಲಿನದಕ್ಕೆ ಬಂದು ಕೂರುತ್ತೆ. ಡಿಸ್ಟ್ರಿಬ್ಯೂಟರ್ ಹೊರಗಿದ್ದಾಗ ಯಾರೂ ಸ್ಟಾರ್ಟರ್ ಹೊಡೆಯಬಾರದು, ಗಾಡಿ ಗೇರಿನಲ್ಲಿ ತಳ್ಳಬಾರದು. ಬ್ಯಾಟರಿ ವೈರ್ ಕಳಚಿಯೇ ಕೆಲಸಕ್ಕೆ ಇಳಿಯಿರಿ. ಕೇಸಿನಲ್ಲಿ ನಿಂತ ಎಣ್ಣೆ ಸುರಿಯುತ್ತೆ, ಕೆಳಗೆ ಬಟ್ಟೆ ತುರುಕಿಡಿ.

ಹಳೇ ರಿಂಗ್ ಹೊರಗೆ ಬಂದಾಗ ದುಂಡಗಿರಲ್ಲ, ಹೊರಮೈ ಚಪ್ಪಟೆಯಾಗಿ ಹೊಳೀತಿರುತ್ತೆ. ಉಗುರು ಒತ್ತಿದರೆ ಗುರುತು ಬೀಳಲ್ಲ, ಬಾಗಿಸಿದರೆ ಪಟ್ಟಂತ ಮುರಿಯುತ್ತೆ. ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ಒಣಗಿದ್ದು ಹಾಕಬೇಡಿ, ಜಾರದೆ ತಿರುಚಿಕೊಂಡು ಅರ್ಧಕ್ಕೆ ಕತ್ತರಿಸುತ್ತೆ.

ಅಲ್ಲ, ಮೇಲಿನ ಸಾಲು ಗೊಂದಲ ಆಯ್ತು. ಆಯಿಲ್ ಸವರಿಯೇ ಹಾಕಿ. ಒಣ ರಿಂಗ್ ಹಾಕಬೇಡಿ.

ಲೆಕ್ಕ: ರಿಂಗ್ 35, ಹೆಡ್ ಕವರ್ ಗ್ಯಾಸ್ಕೆಟ್ 180, ಫಿಲ್ಟರ್ 110, ಆಯಿಲ್ 1,150. ಒಟ್ಟು 1,475. ಗ್ಯಾರೇಜಿನವರ 9,500 ಎಲ್ಲಿ, ಇದೆಲ್ಲಿ.

ಭದ್ರಾವತಿ_ಲೇತ್
ರಿಂಗ್ ಹಾಕಿದ ಮೂರು ತಿಂಗಳಿಗೆ ಇನ್ನೊಂದು ಕಡೆ ಒಸರಲು ಶುರುವಾಗುತ್ತೆ, ಆಗೇನು ಮಾಡ್ತೀರಿ? ಎಣ್ಣೆಯನ್ನು ಹೊರಗೆ ನೂಕುತ್ತಿರೋದು ಏನು ಅಂತ ಮೊದಲು ನೋಡಬೇಕು. ಮಲೆನಾಡಿನ ಗಾಡಿಗಳಲ್ಲಿ ಹತ್ತಕ್ಕೆ ಆರು ಸಲ ಅದು ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಕಟ್ಟಿಕೊಂಡಿದ್ದು. ಮಳೆಗಾಲದಲ್ಲಿ ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಎರಡು ಕಿ.ಮೀ. ಓಡುವ ಎಂಜಿನ್ ಪೂರ್ತಿ ಬಿಸಿಯಾಗಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಹೊರಗೆ ಹೋಗದೆ ಒಳಗೇ ತಣಿದು ಎಣ್ಣೆಗೆ ಬೆರೆಯುತ್ತೆ. ಎಣ್ಣೆ ಹುಯ್ಯುವ ಫಿಲ್ಲರ್ ಕ್ಯಾಪ್ ಒಳಗೆ ಮಜ್ಜಿಗೆ ಗಟ್ಟಿಯಾದಂಥ ಲೋಳೆ ಕಾಣುತ್ತಲ್ಲ, ಅದೇ ಬ್ರೀದರ್ ಪೈಪಿನಲ್ಲೂ ಕಟ್ಟಿರುತ್ತೆ. ಪಿಸ್ಟನ್ ಪಕ್ಕದಿಂದ ಇಳಿದ ಗಾಳಿಗೆ ದಾರಿ ಇಲ್ಲದೆ ಯಾವ ಸೀಲ್ ದುರ್ಬಲವೋ ಅದನ್ನು ನೂಕುತ್ತೆ. ಲೋಳೆ ಜೊತೆಗೆ ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರೆ ಮಾತ್ರ ಅದು ಹೆಡ್ ಗ್ಯಾಸ್ಕೆಟ್ ವಿಷಯ, ಬೇರೆ ರೋಗ.

ಹೆಡ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಪೈಪ್ ಕಳಚಿ ಬಾಯಲ್ಲಿ ಊದಿ ನೋಡಿ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒಣಗಿಸಿ. ರಬ್ಬರ್ ಒಳಗೆ ಪದರ ಬಿಟ್ಟಿದ್ದರೆ ಬದಲಿಸಿ. ಆಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಫಿಲ್ಲರ್ ಬಾಯಿಗೆ ತೆಳು ಪ್ಲಾಸ್ಟಿಕ್ ಗ್ಲೌಸ್ ಹೊದಿಸಿ ಹಿಡಿಯಿರಿ. ಸುಮ್ಮನಿದ್ದರೆ ಅಥವಾ ಸ್ವಲ್ಪ ಒಳಗೆಳೆದರೆ ಸರಿ. ಕೈ ಹಾಗೆ ಉಬ್ಬಿ ನಿಂತರೆ ಪಿಸ್ಟನ್ ರಿಂಗ್ ಸವೆದಿದೆ, ಯಾವ ಗ್ಯಾಸ್ಕೆಟ್ ಹಾಕಿದರೂ ನಿಲ್ಲಲ್ಲ.

ಇನ್ನೊಂದು, ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಸಂಪ್) ಟ್ಯೂಬ್ ಟ್ಯೂಬ್ ಅನಾಬಾಂಡ್ (ಸಿಲಿಕೋನ್ ಅಂಟು) ಮೆತ್ತುವವರು ಕೇಳಿಸಿಕೊಳ್ಳಿ. ಹೊರಗೆ ಎಷ್ಟು ಹಿಂಡಿ ಬರುತ್ತೋ ಅಷ್ಟೇ ಒಳಗೂ ಬಂದಿರುತ್ತೆ. ಅದು ಹುಳದ ಹಾಗೆ ಕಳಚಿಬಿದ್ದು ಪಂಪಿನ ಜಾಳಿಗೆ ಮುಚ್ಚುತ್ತೆ, ಆಯಿಲ್ ಪ್ರೆಶರ್ ಬಿದ್ದು ಬೇರಿಂಗ್ ಹೋಗುತ್ತೆ. ಇಂಥ ಕ್ರ್ಯಾಂಕ್‌ಗಳು ಲೇತಿಗೆ ಬಂದಾಗ ಸಂಪ್ ತೊಳೆದ ನೀರಿನಲ್ಲಿ ಬೂದು ಬಣ್ಣದ ಚೂರು ಸಿಕ್ಕೇ ಸಿಗುತ್ತೆ.

ಜೀಪು_ಆಗುಂಬೆ
ಅನಾಬಾಂಡ್ ಹಚ್ಚಲು ಬರದವರು ಕೆಡಿಸಿದ್ದಕ್ಕೆ ಅನಾಬಾಂಡ್ ಏನು ಮಾಡುತ್ತೆ? ಕಾರ್ಕ್ ಗ್ಯಾಸ್ಕೆಟ್ ಒಂದೇ ಹಾಕಿ ಹಳೇ ಡೀಸೆಲ್ ಜೀಪಿನ ಸಂಪ್ ಲೀಕ್ ನಿಲ್ಲಿಸಿ ತೋರಿಸಿ ನೋಡೋಣ. ನಮ್ಮದಕ್ಕೆ ಒಂದೇ ವರ್ಷದಲ್ಲಿ ಎರಡು ಸಲ ಬರೀ ಕಾರ್ಕ್ ಹಾಕಿ, ಪ್ರತಿ ಸಲ ಗ್ಯಾಸ್ಕೆಟ್ 240, ತಾಮ್ರದ ವಾಷರ್ 40, ಆಯಿಲ್ 2,300, ಅಂದರೆ 2,580ರಂತೆ 5,160 ಮಣ್ಣುಪಾಲು. ಮೂರನೇ ಸಲ 130 ರೂಪಾಯಿಯ ಟ್ಯೂಬ್ ಸೇರಿಸಿದ ಮೇಲೆ ನಾಲ್ಕು ಮಳೆಗಾಲ ಒಣಗೇ ಇದೆ.

ಹೇಗೆ ಹಚ್ಚಬೇಕು ಅಂತ ಹೇಳ್ತೀನಿ. ತಗಡಿನ ಸಂಪ್ ಬಿಚ್ಚಿ ಅಂಚು ನೋಡಿ, ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಗುಳ್ಳೆಯಂತೆ ಎದ್ದಿರುತ್ತೆ. ಹಿಂದೆ ಬಿಗಿದವರು ಎಳೆದೆಳೆದು ಮಾಡಿದ್ದು. ಗುಳ್ಳೆ ಇದ್ದಲ್ಲಿ ಗ್ಯಾಸ್ಕೆಟ್ ಅಪ್ಪಚ್ಚಿ, ಎರಡು ಬೋಲ್ಟ್ ನಡುವೆ ಸಡಿಲ. ಲೀಕ್ ಆಗೋದು ಆ ನಡುವಿನಲ್ಲೇ. ಚಪ್ಪಟೆ ಕಬ್ಬಿಣದ ಮೇಲೆ ಅಂಚು ಇಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೊಂದನ್ನೂ ಇಳಿಸಿ, ಗಾಜಿನ ಮೇಲಿಟ್ಟು ಬೆಳಕು ತೂರುತ್ತಾ ನೋಡಿ. ಹಳೇ ಗ್ಯಾಸ್ಕೆಟ್ ಕೆರೆಯಲು ಒಣ ಅಡಿಕೆ ದಬ್ಬೆಯ ಚಕ್ಕೆ ಚೂಪು ಮಾಡಿಕೊಳ್ಳಿ. ಸ್ಕ್ರೂಡ್ರೈವರ್‌ನಲ್ಲಿ ಅಲ್ಯೂಮಿನಿಯಂ ಕೆರೆದರೆ ಆ ಗೀರೇ ಮುಂದಿನ ಲೀಕ್. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಆರಲು ಬಿಡಿ. ಎರಡು ಮಿ.ಮೀ. ಎಳೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿ ಬರಬೇಕು. ಹತ್ತು ನಿಮಿಷದೊಳಗೆ ಜೋಡಿಸಿ, ಬೋಲ್ಟ್ ಎಲ್ಲ ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ನಡುವಿನಿಂದ ತುದಿಗೆ, ಎದುರು ಬದುರು, ಎರಡು ಸುತ್ತಿನಲ್ಲಿ ಬಿಗಿ. ಹನ್ನೆರಡು ಸೆ.ಮೀ. ಸ್ಪ್ಯಾನರಿನ ತುದಿಯಲ್ಲಿ ಎಂಟು ಕೆ.ಜಿ. ಎಳೆದಷ್ಟು, ಅದರ ಮೇಲೆ ಬೇಡ. ಆಯಿಲ್ ಹುಯ್ಯೋದು 24 ಗಂಟೆ ಬಿಟ್ಟು.

ಮಳೆಗಾಲದಲ್ಲಿ ಅನಾಬಾಂಡ್ ಒಣಗಲ್ಲ ಅನ್ನೋದೂ ತಪ್ಪು. ಸಿಲಿಕೋನ್ ಗಟ್ಟಿಯಾಗೋದೇ ಗಾಳಿಯ ತೇವದಿಂದ. ಹಚ್ಚುವ ಮೈ ಮಾತ್ರ ಒಣಗಿರಬೇಕು. ಬಾತ್‌ರೂಮಿಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕೋನ್ ತರಬೇಡಿ, ಎಣ್ಣೆಗೆ ಉಬ್ಬಿ ಬಿಡುತ್ತೆ.

ಭದ್ರಾವತಿ_ಲೇತ್
ಎರಡು ಮಿ.ಮೀ. ಎಳೆ ಅಂತ ನೀವು ಬರೀತೀರಿ, ಓದಿದವರು ಐದು ಮಿ.ಮೀ. ಹಚ್ಚುತ್ತಾರೆ. ಗುಳ್ಳೆ ತಟ್ಟಿ ಸಮ ಮಾಡಿದ್ದಕ್ಕೇ ನಿಮ್ಮ ಲೀಕ್ ನಿಂತಿದ್ದು, ಟ್ಯೂಬಿನಿಂದ ಅಲ್ಲ. ಮೊದಲೆರಡು ಸಲ ತಟ್ಟಿದ್ರಾ?

ಜೀಪು_ಆಗುಂಬೆ
ತಟ್ಟಿರಲಿಲ್ಲ. ಹಾಗಂತ ಟ್ಯೂಬ್ ದಂಡ ಅನ್ನೋದನ್ನು ಒಪ್ಪಲ್ಲ.

ಹೊಸನಗರ_ಬುಲೆಟ್
ಲೀಕ್ ಹುಡುಕುವುದಕ್ಕೆ ಯಾರೂ ಸರಿಯಾದ ದಾರಿ ಹೇಳಲಿಲ್ಲ. ತೊಳೆದು, ಪೂರ್ತಿ ಒಣಗಿಸಿ, ಅನುಮಾನದ ಜಾಗಕ್ಕೆಲ್ಲ ಬಿಳಿ ಪುಡಿ ಉದುರಿಸಿ ಹತ್ತು ಕಿ.ಮೀ. ಓಡಿಸಿ. ಎಣ್ಣೆ ಹೊರಟ ಮೇಲಿನ ತುದಿ ಗೆರೆಯ ಹಾಗೆ ಕಾಣುತ್ತೆ. ತೋಟದ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ (ಅಡಿಕೆಗೆ ಹೊಡೆಯುವ ಔಷಧಿ) ತಂದ ಸುಣ್ಣದ ಪುಡಿ ಇದ್ದೇ ಇರುತ್ತಲ್ಲ, ಅದೇ ಸಾಕು.

ಹಳೇ ಕಬ್ಬಿಣದ ಎಂಜಿನ್ನಿನ ಬುಲೆಟ್‌ನಲ್ಲಿ ಕ್ಲಚ್ ಕಡೆಯ ಕವರ್ ನಿಂತಿರೋದು ನಡುವಿನ ಒಂದೇ ನಟ್ಟಿನ ಮೇಲೆ. ಅಂಚಿನ ರಬ್ಬರ್ ಹಳತಾಗಿ ಒಸರಿದಾಗ ಎಲ್ಲರೂ ಆ ನಟ್ ಬಿಗೀತಾರೆ. ನಡು ಒಳಗೆ ಹೋಗಿ ಅಂಚು ಇನ್ನೂ ತೆರೆದುಕೊಳ್ಳುತ್ತೆ. ರಬ್ಬರ್ ಬದಲಿಸಿ, ನಟ್ ಹದವಾಗಿ ಬಿಗಿದರೆ ಒಂದು ಹನಿ ಬೀಳಲ್ಲ. ಬುಲೆಟ್ ಅಂದಮೇಲೆ ಲೀಕ್ ಇರಲೇಬೇಕು ಅನ್ನೋ ಮಾತು ಸೋಮಾರಿಗಳದ್ದು.

ಸಾಗರ_ಎಂಟುನೂರು
ಸುಣ್ಣ ಬೇಡವೇ ಬೇಡ! ತೇವ ಸೇರಿದರೆ ಸುಣ್ಣ ಅಲ್ಯೂಮಿನಿಯಂ ತಿನ್ನುತ್ತೆ. ಹೆಡ್ ಕವರ್, ಡಿಸ್ಟ್ರಿಬ್ಯೂಟರ್ ಬಾಡಿ ಎಲ್ಲ ಬಿಳಿ ಬಿಳಿ ಹರಳು ಕಟ್ಟುತ್ತೆ. 40 ರೂಪಾಯಿಯ ಟಾಲ್ಕಂ ಪೌಡರ್ ತನ್ನಿ. ಬುಲೆಟ್ ವಿಷಯ ಇಲ್ಲಿ ಯಾರು ಕೇಳಿದರು?

ತೀರ್ಥಹಳ್ಳಿ_ಪಿಕಪ್
ಇಷ್ಟೆಲ್ಲ ಬಿಚ್ಚುವ ಬದಲು ಎಂಜಿನ್ ಆಯಿಲಿಗೆ ನೂರು ಮಿ.ಲೀ. ಬ್ರೇಕ್ ಆಯಿಲ್ ಹಾಕಿ, ಸೀಲ್ ಮೆತ್ತಗಾಗಿ ನಿಲ್ಲುತ್ತೆ. ನಮ್ಮ ಪಿಕಪ್‌ನಲ್ಲಿ ಆರು ತಿಂಗಳು ನಿಂತಿತ್ತು.

ಭದ್ರಾವತಿ_ಲೇತ್
ಏಳನೇ ತಿಂಗಳು ಏನಾಯ್ತು ಅಂತಲೂ ಬರೀರಿ. ಬ್ರೇಕ್ ಆಯಿಲ್ ರಬ್ಬರ್ ಉಬ್ಬಿಸಿ ನಿಲ್ಲಲ್ಲ, ಕೊಳೆಸುತ್ತೆ. ಕ್ರ್ಯಾಂಕ್ ಸೀಲ್, ವಾಲ್ವ್ ಸೀಲ್, ಓ-ರಿಂಗ್ ಎಲ್ಲ ಒಟ್ಟಿಗೆ ಹಿಟ್ಟಾಗುತ್ತೆ. ಎಂಜಿನ್ ಆಯಿಲಿಗೆ ಸರಿಯಾಗಿ ಬೆರೆಯೋದೂ ಇಲ್ಲ. ಅಂಗಡಿಯ ಸ್ಟಾಪ್‌ಲೀಕ್ ಡಬ್ಬಿ ಗಟ್ಟಿಯಾದ ರಬ್ಬರ್ ಸೀಲಿಗೆ ಸ್ವಲ್ಪ ದಿನ ಕೆಲಸ ಮಾಡಬಹುದು, ಕಾರ್ಕಿಗೂ ಕಾಗದದ ಗ್ಯಾಸ್ಕೆಟ್ಟಿಗೂ ಏನೂ ಮಾಡಲ್ಲ. ದಯವಿಟ್ಟು ಇಂಥದ್ದನ್ನು ಹೊಸಬರಿಗೆ ಹೇಳಬೇಡಿ.

ತೀರ್ಥಹಳ್ಳಿ_ಪಿಕಪ್
ಏಳನೇ ತಿಂಗಳು ಹಿಂದಿನ ಸೀಲ್ ಹೋಯ್ತು, ನಿಜ. ಅದನ್ನು ಅಂಗಳದಲ್ಲೇ ಇಳಿಸಿ ಹಾಕಿದ್ದೀವಿ, ಗೊತ್ತಿಲ್ಲದೆ ಮಾತಾಡ್ತಿಲ್ಲ. ಸೀಲ್ 220, ಗೇರ್ ಆಯಿಲ್ 600, ಬಿಚ್ಚಿದ ಮೇಲೆ ಕ್ಲಚ್ ಎಣ್ಣೆ ಕುಡಿದಿದೆ ಅಂತ ಗೊತ್ತಾಗಿ ಪ್ಲೇಟ್ ಎರಡೂ 2,900, ಬೇರಿಂಗ್ 450. ಒಟ್ಟು 4,170. ಬೆಲ್ ಹೌಸಿಂಗಿನಿಂದ ಬೀಳೋದು ಗಂಧಕದ ಕಟು ವಾಸನೆ ಹೊಡೆದರೆ ಗೇರ್ ಆಯಿಲ್, ಅದು ಗೇರ್‌ಬಾಕ್ಸಿನ ಮುಂದಿನ ಸೀಲ್. ಎಂಜಿನ್ ಸೀಲ್ ಹಾಕುವಾಗ ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಕ್ಕೆ. ಸೀಲಿನ ತುಟಿಗೆ (ಒಳ ಅಂಚಿಗೆ) ಎಣ್ಣೆ ಸವರಿ, ಸರಿ ಅಳತೆಯ ಪಿವಿಸಿ ಪೈಪ್ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ. ಕ್ರ್ಯಾಂಕ್ ಮೇಲೆ ಹಳೇ ತುಟಿ ಕೊರೆದ ಗೆರೆ ಉಗುರಿಗೆ ಸಿಕ್ಕರೆ ಹೊಸ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ಹೊಸ ಮೈ ಸಿಗುತ್ತೆ.

ಜೀಪು_ಆಗುಂಬೆ
ಇಳಿಸಿದ ಎಣ್ಣೆ ಬೇಲಿ ಗೂಟಕ್ಕೆ ಹಚ್ಚಿ, ಗೆದ್ದಲು ಬರಲ್ಲ.

ಹೊಸನಗರ_ಬುಲೆಟ್
ಹಚ್ಚಿದ ಗೂಟಕ್ಕೆ ನಮ್ಮ ಮಳೆ ಬಿದ್ದರೆ ಅದು ಎಲ್ಲಿಗೆ ಹೋಗುತ್ತೆ? ತೋಟದ ಕಪ್ಪಿಗೆ (ಬಸಿಗಾಲುವೆಗೆ), ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಅದೇ ನೀರು ಕುಡೀತೀವಿ. ಡಬ್ಬಿಗೆ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ, ಶಿವಮೊಗ್ಗ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ.

ಜೀಪು_ಆಗುಂಬೆ
ಅಜ್ಜನ ಕಾಲದಿಂದ ಹಚ್ಚುತ್ತಾ ಬಂದಿದ್ದೀವಿ.

ಹೊಸನಗರ_ಬುಲೆಟ್
ಅಜ್ಜನ ಕಾಲದಲ್ಲಿ ಊರಿಗೆ ಒಂದು ಜೀಪಿತ್ತು.

ಕೋಣಂದೂರು_ಓಮ್ನಿ
ವಾಸನೆ ನೋಡಿದೆ, ಗಂಧಕದ್ದಲ್ಲ. ಟಾಲ್ಕಂ ಹಾಕಿ ನೋಡ್ತೀನಿ. ಕೆಳಗೆ ಮಲಗಿ ನೋಡಲು ಗಾಡಿ ಎತ್ತಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಇಡಬಹುದಾ? ಅಂಗಳ ಮಣ್ಣಿನದು.

ಸಾಗರ_ಎಂಟುನೂರು
ಜಂಬಿಟ್ಟಿಗೆ ಮೇಲೆ ಯಾವತ್ತೂ ಇಡಬೇಡಿ. ನೆನೆದ ಕಲ್ಲು ಒಂದೇ ಬದಿಗೆ ಭಾರ ಬಿದ್ದರೆ ಸೂಚನೆ ಕೊಡದೆ ಸೀಳುತ್ತೆ. ಸ್ಕ್ರೂ ಜಾಕ್ ಮೇಲೆ ನಿಂತ ಗಾಡಿಯ ಅಡಿಗೂ ತಲೆ ಹಾಕಬೇಡಿ. ಜೋಡಿ ಜಾಕ್ ಸ್ಟ್ಯಾಂಡ್ ಬಾಡಿಗೆಗಾದರೂ ತನ್ನಿ. ಅದರಡಿ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ ಹಾಕಿದರೆ ಮಣ್ಣಿಗೆ ಇಳಿಯಲ್ಲ. ಎತ್ತದ ಗಾಲಿಗಳಿಗೆ ಎರಡೂ ಬದಿ ಅಡ್ಡ ತುಂಡು. ಡಿಸ್ಟ್ರಿಬ್ಯೂಟರ್ ಕೆಲಸಕ್ಕೆ ಅದೂ ಬೇಡ, ಓಮ್ನಿಯಲ್ಲಿ ಮುಂದಿನ ಸೀಟ್ ಎತ್ತಿ ಟಾರ್ಚ್ ಬಿಡಿ, ಮೇಲಿನಿಂದಲೇ ನೋಡಬಹುದು. ಎಂಜಿನ್ ತಣ್ಣಗಿರುವಾಗ ಬೆಳಿಗ್ಗೆ ನೋಡಿ, ಪುಡಿಯ ಮೇಲೆ ಗೆರೆ ಎಲ್ಲಿಂದ ಹೊರಟಿದೆ ಅಂತ ಬರೀರಿ.