ಪದಚರ್ಚೆ: ‘ಸಮನ್ವಯ’ವೋ ‘ಹೊಂದಾಣಿಕೆ’ಯೋ? ಮಹಿಳಾ ದೌರ್ಜನ್ಯ ತಡೆ ಕೈಪಿಡಿಯ ಕೆಲವು ಪದಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ತಾಲ್ಲೂಕಿನಲ್ಲಿ ಪೊಲೀಸ್ ಠಾಣೆ, ಆಸ್ಪತ್ರೆ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ, ಕಾನೂನು ಸೇವಾ ಸಮಿತಿ, ಸಾಂತ್ವನ ಕೇಂದ್ರ ಎಲ್ಲ ಕೂಡಿ ಹೇಗೆ ಕೆಲಸ ಮಾಡಬೇಕೆಂದು ತಿಳಿಸುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇವೆ. ಇಲಾಖೆಗಳು ಕೂಡಿ ಮಾಡುವ ಈ ಕೆಲಸಕ್ಕೆ ಒಂದು ಪುಟದಲ್ಲಿ ‘ಸಮನ್ವಯ’, ಇನ್ನೊಂದರಲ್ಲಿ ‘ಹೊಂದಾಣಿಕೆ’, ಮತ್ತೊಂದರಲ್ಲಿ ‘ಸಂಯೋಜನೆ’ ಎಂದಿದೆ. ‘ಲಿಂಗ ಸಮಾನತೆ’, ‘ಲಿಂಗತ್ವ ಸಮಾನತೆ’ ಎರಡೂ ಇವೆ. ನೆರವು ಕೇಳಿ ಬಂದವಳು ‘ಸಂತ್ರಸ್ತೆ’, ‘ನೊಂದ ಮಹಿಳೆ’, ‘ಬಾಧಿತ ವ್ಯಕ್ತಿ’ ಎಂದು ಮೂರು ಹೆಸರಲ್ಲಿ ಬರುತ್ತಾಳೆ. ಯಾವುದನ್ನು ಉಳಿಸಿಕೊಳ್ಳೋಣ? ಓದುವವರು ಹೆಡ್ ಕಾನ್‌ಸ್ಟೆಬಲ್, ಸ್ಟಾಫ್ ನರ್ಸ್, ಅಂಗನವಾಡಿ ಮೇಲ್ವಿಚಾರಕಿ.

ಮೊದಲ ಉತ್ತರ

‘ಹೊಂದಾಣಿಕೆ’ಯನ್ನು ಮೊದಲು ತೆಗೆದುಬಿಡಿ ಮೇಡಂ. ಪದ ಕೆಟ್ಟದ್ದಲ್ಲ, ಈ ಕೈಪಿಡಿಗೆ ಸಲ್ಲದು. ಹೊಡೆತ ತಿಂದು ಬಂದವಳಿಗೆ ತವರಿನವರು, ಊರ ಹಿರಿಯರು, ಎಷ್ಟೋ ಸಲ ಠಾಣೆಯವರೂ ಹೇಳುವ ಮೊದಲ ಮಾತೇ ‘ಹೊಂದ್ಕೊಂಡು ಹೋಗಮ್ಮ’. ‘ಹೊಂದಾಣಿಕೆ ಸಭೆ’ ಎಂದು ಬರೆದರೆ ಗಂಡ ಹೆಂಡತಿಯನ್ನು ಕೂರಿಸಿ ರಾಜಿ ಮಾಡಿಸುವ ಸಭೆ ಎಂದೇ ಓದಿಕೊಳ್ಳುತ್ತಾರೆ.

‘ಸಮನ್ವಯ’ಕ್ಕೂ ಬೇರೆ ಬೇರೆಯಾದದ್ದನ್ನು ಒಂದುಗೂಡಿಸುವ ಛಾಯೆ ಇದೆ; ಕುವೆಂಪು ಅವರ ಪಂಚಮಂತ್ರದಲ್ಲಿರುವ ಸಮನ್ವಯ ಅದೇ. ಆದರೂ ಕಚೇರಿ ಕನ್ನಡದಲ್ಲಿ ‘ಸಮನ್ವಯ ಸಮಿತಿ’, ‘ಸಮನ್ವಯ ಸಭೆ’ ಗಟ್ಟಿಯಾಗಿ ನಿಂತಿವೆ, ಯಾರಿಗೂ ಗೊಂದಲವಾಗುವುದಿಲ್ಲ. ಶೀರ್ಷಿಕೆಗೆ, ಸಮಿತಿಯ ಹೆಸರಿಗೆ ಅದನ್ನೇ ಇಡಿ. ಆ ಕೆಲಸ ನೋಡಿಕೊಳ್ಳುವವರನ್ನು ‘ಸಂಯೋಜಕಿ’ ಎನ್ನುವುದು ರೂಢಿ, ಇರಲಿ.

ನನ್ನ ತಕರಾರು ಇರುವುದು ವಾಕ್ಯದೊಳಗೆ ಬರುವ ‘ಸಮನ್ವಯ’ದ ಬಗ್ಗೆ. ‘ಸಂಬಂಧಪಟ್ಟ ಇಲಾಖೆಗಳು ಪರಸ್ಪರ ಸಮನ್ವಯ ಸಾಧಿಸಿ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ಸಾಲನ್ನು ಓದಿ ಸ್ಟಾಫ್ ನರ್ಸ್ ಏನು ಮಾಡಬೇಕು? ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಕಾಗದ ಯಾವ ಮೇಜಿಗೆ ಹೋಗಬೇಕು, ಎಷ್ಟು ದಿನದೊಳಗೆ, ಒಂದೂ ಅದರಲ್ಲಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ತನ್ನ 11ನೇ ಸೆಕ್ಷನ್‌ನಲ್ಲಿ ಕಾನೂನು, ಗೃಹ, ಆರೋಗ್ಯ ಮುಂತಾದ ಇಲಾಖೆಗಳ ಸೇವೆಗಳನ್ನು ಸಮನ್ವಯಗೊಳಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ, ನಿಜ. ಕೆಲಸ ನಡೆಯುವುದು ಮಾತ್ರ 9ನೇ ಸೆಕ್ಷನ್‌ನ ಕ್ರಿಯಾಪದಗಳಿಂದ. ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ, ಅಂದರೆ ಡಿಐಆರ್, ಬರೆಯಬೇಕು. ಅದನ್ನು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. ಪ್ರತಿಯನ್ನು ಆ ಸರಹದ್ದಿನ ಠಾಣೆಗೂ ಅಲ್ಲಿನ ಸೇವಾ ಸಂಸ್ಥೆಗಳಿಗೂ ಕಳಿಸಬೇಕು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ಹೀಗೇ: ತಾಲ್ಲೂಕಿನ ನೋಡಲ್ ಅಧಿಕಾರಿ ತನಗೆ ಬಂದ ದೂರನ್ನು 7 ದಿನದೊಳಗೆ ಸ್ಥಳೀಯ ಸಮಿತಿಗೆ ಕಳಿಸಬೇಕು. ನೋಡಿ, ಸಮನ್ವಯ ಎಂಬ ಮಾತೇ ಇಲ್ಲ, ಸಮನ್ವಯ ಇದೆ.

ನಿಮ್ಮ ಕರಡಿನ ಆಸ್ಪತ್ರೆ ಅಧ್ಯಾಯವನ್ನು ಹೀಗೆ ತಿರುಗಿಸಬಹುದು: ‘ಪೆಟ್ಟಾಗಿ ಬಂದವಳಿಗೆ ಕರ್ತವ್ಯದಲ್ಲಿರುವ ವೈದ್ಯರು ಮೊದಲು ಚಿಕಿತ್ಸೆ ಕೊಡುತ್ತಾರೆ. ಡಿಐಆರ್ ತಂದಿಲ್ಲ ಎಂಬ ಕಾರಣಕ್ಕೆ ಹಿಂದೆ ಕಳಿಸುವುದಿಲ್ಲ. ಅದು ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ನಮೂನೆ 1 (ಡಿಐಆರ್‌ನ ಫಾರಂ) ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸುತ್ತಾರೆ.’ ಕೌಟುಂಬಿಕ ಕಾಯ್ದೆಯಡಿ ಬಂದ 2006ರ ನಿಯಮಗಳ 17ನೇ ನಿಯಮ ಹೇಳುವುದು ಇದನ್ನೇ. ಇಲ್ಲಿ ಎಡವುವುದು ಸಾಮಾನ್ಯವಾಗಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಪುಸ್ತಕದಲ್ಲಿ ಬರೆದರೆ ತಮ್ಮ ಕೆಲಸ ಮುಗಿಯಿತೆಂದು ಆಸ್ಪತ್ರೆಯವರು ತಿಳಿಯುವುದರಿಂದ. ಎಂಎಲ್‌ಸಿ ಹೋಗುವುದು ಠಾಣೆಗೆ. ಸಂರಕ್ಷಣಾಧಿಕಾರಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಬಹುಮಟ್ಟಿಗೆ ಸಿಡಿಪಿಒಗಳ ಮೇಲಿದೆ. ಅಂಗನವಾಡಿಗಳ ಉಸ್ತುವಾರಿಯ ನಡುವೆ ಅವರು ಇದನ್ನೂ ಮಾಡಬೇಕು. ಹಾಗಾಗಿ ಕೈಪಿಡಿಯಲ್ಲಿ ‘ಸಂರಕ್ಷಣಾಧಿಕಾರಿ’ ಎಂದು ಬರೆದಲ್ಲೆಲ್ಲ ಮೊದಲ ಸಲವಾದರೂ ‘ಅಂದರೆ ನಿಮ್ಮ ತಾಲ್ಲೂಕಿನ ಸಿಡಿಪಿಒ’ ಎಂದು ಸೇರಿಸಿ. ಹೆಡ್ ಕಾನ್‌ಸ್ಟೆಬಲ್‌ಗೆ ಗೊತ್ತಿರುವುದು ಆ ಹೆಸರೇ.

‘ಲಿಂಗ’ ಮತ್ತು ‘ಲಿಂಗತ್ವ’ದ ವಿಷಯ ಬೇಗ ಮುಗಿಸುತ್ತೇನೆ. ಹುಟ್ಟಿನ ಗಂಡು, ಹೆಣ್ಣು ಎಂಬುದಕ್ಕೆ ಲಿಂಗ; ಸಮಾಜ ಅದಕ್ಕೆ ಕಟ್ಟುವ ನಡೆ, ಕೆಲಸ, ಹಕ್ಕುಗಳಿಗೆ ಲಿಂಗತ್ವ. ಈ ಭೇದ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಬಳಕೆಯಿಂದ ಪತ್ರಿಕೆ ಓದುವವರಿಗೆಲ್ಲ ಪರಿಚಯವಾಗಿದೆ. ಸರ್ಕಾರಿ ಆದೇಶದ ಹೆಸರಿನಲ್ಲಿ ‘ಲಿಂಗ ಸಮಾನತೆ’ ಎಂದಿದ್ದರೆ ಹಾಗೇ ಬಿಡಿ, ನಿಮ್ಮ ಮಾತಿನಲ್ಲಿ ‘ಲಿಂಗತ್ವ ಸಮಾನತೆ’ ಇರಲಿ. ಗ್ರಾಮಸಭೆಯಲ್ಲಿ ಓದಿ ಹೇಳುವ ಪುಟಗಳಿದ್ದರೆ ಎರಡನ್ನೂ ಬಿಟ್ಟು ‘ಹೆಣ್ಣು ಗಂಡು ಅಂತ ಭೇದ ಮಾಡದಿರುವುದು’ ಎಂದರೆ ಸಾಕು.

‘ಸಂತ್ರಸ್ತೆ’ ಪತ್ರಿಕೆಗಳ ಪದ. ಮೂಲದಲ್ಲಿ ಹೆದರಿದವಳು, ತತ್ತರಿಸಿದವಳು. ನೆರೆ ಸಂತ್ರಸ್ತರು, ಯೋಜನಾ ಸಂತ್ರಸ್ತರು ಎಂದು ಅಣೆಕಟ್ಟಿನಲ್ಲಿ ಊರು ಕಳೆದುಕೊಂಡವರಿಗೂ ಅದೇ. ಲೈಂಗಿಕ ಅಪರಾಧದ ಅಧ್ಯಾಯದಲ್ಲಿ ಉಳಿಸಿಕೊಳ್ಳಿ, ಬೇರೆ ಕಡೆ ಬೇಡ. ಕೌಟುಂಬಿಕ ಕಾಯ್ದೆಯಲ್ಲಿ ಅವಳು ನೊಂದವಳು. ‘ನೊಂದ ಮಹಿಳೆ’ ಇಲಾಖೆಯ ಕಾಗದಗಳಲ್ಲಿ ಓಡುತ್ತಿದೆ, ಅರ್ಥವೂ ಆಗುತ್ತದೆ. ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಲಿಂಗತ್ವದ ಸಿದ್ಧಮಾದರಿಗಳ ಬಗ್ಗೆ ಹೊರತಂದ ಕೈಪಿಡಿ ಒಂದು ಒಳ್ಳೆಯ ಸೂತ್ರ ಕೊಟ್ಟಿದೆ: ಲೈಂಗಿಕ ಹಿಂಸೆಗೆ ಒಳಗಾದವರು ತಮ್ಮನ್ನು ಬಲಿಪಶು ಎಂದಾದರೂ ಗುರುತಿಸಿಕೊಳ್ಳಬಹುದು, ಪಾರಾಗಿ ಬಂದವರು ಎಂದಾದರೂ ಗುರುತಿಸಿಕೊಳ್ಳಬಹುದು, ಅವರಿಗೆ ಯಾವುದು ಇಷ್ಟವೋ ಅದನ್ನು ಗೌರವಿಸಬೇಕು. ಆಪ್ತಸಮಾಲೋಚಕಿಯ ಕಡತದಲ್ಲಿ ಇದೊಂದೂ ಬೇಡ, ‘ಬಂದವರು’ ಎಂದು ಬರೆದರೂ ನಡೆಯುತ್ತದೆ.

ನೀವು ಕೇಳದ ಒಂದು ಪದವನ್ನು ಸೇರಿಸುತ್ತೇನೆ: ‘ದೌರ್ಜನ್ಯ’. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲೂ ಇದೇ ಪದ, ಲೈಂಗಿಕ ದೌರ್ಜನ್ಯದಲ್ಲೂ ಇದೇ, ಕೌಟುಂಬಿಕದಲ್ಲೂ ಇದೇ. ಕಾಯ್ದೆಯ ಹೆಸರಾಗಿ ಬಿಡಲಾಗದು. ಆದರೆ ನಿಮ್ಮ ಕರಡಿನ ಪ್ರಶ್ನಾವಳಿಯಲ್ಲಿ ‘ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ?’ ಎಂದಿದ್ದರೆ ಉತ್ತರ ಬಹುಪಾಲು ‘ಇಲ್ಲ’ ಎಂದೇ ಬರುತ್ತದೆ. ಉತ್ತರ ಕೊಡುವವಳಿಗೆ ಅದು ಟೀವಿಯಲ್ಲಿ ಬರುವ ದೊಡ್ಡ ಘಟನೆ. ಕೌಟುಂಬಿಕ ಕಾಯ್ದೆಯ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆ ಹೇಳುತ್ತದೆ. ಪ್ರಶ್ನೆಗಳೂ ಅಷ್ಟೇ ಬಿಡಿಬಿಡಿಯಾಗಿರಲಿ: ‘ಕೈ ಮಾಡ್ತಾರಾ?’, ‘ಕೂಲಿ ದುಡ್ಡು ಕಿತ್ಕೊಳ್ತಾರಾ, ಎಟಿಎಂ ಕಾರ್ಡ್ ಯಾರ ಹತ್ರ ಇದೆ?’, ‘ಮನೆ ಬಿಟ್ಟು ಓಡಿಸ್ತೀನಿ ಅಂತಾರಾ?’, ‘ತವರಿಗೆ ಫೋನ್ ಮಾಡೋಕೆ ಬಿಡ್ತಾರಾ?’. ‘ಹಿಂಸೆ ಕೊಡ್ತಾರೆ’ ಎಂಬ ಮಾತು ಅವಳ ಬಾಯಲ್ಲೇ ಇದೆ, ಅದು ಮನಸ್ಸಿನ ನೋವನ್ನೂ ಒಳಗೊಳ್ಳುತ್ತದೆ. ವಿವರಣೆಯಲ್ಲಿ ಅದನ್ನು ಧಾರಾಳವಾಗಿ ಬಳಸಿ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದಕ್ಕೆ ಕೋರ್ಟಿನ ಕಡೆಯಿಂದ ಕೆಲವು ಸೇರಿಸುತ್ತೇನೆ. ‘ಸಮನ್ವಯ’ದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ತಪ್ಪು ಬಾಗಿಲಿಗೆ ಕಳಿಸುವ ಪದಗಳು ಬೇರೆಯೇ ಇವೆ.

‘ದೂರು’, ‘ಆರೋಪಿ’, ‘ಕೇಸು ಹಾಕುವುದು’ ಈ ಮೂರು ಸೇರಿದರೆ ಓದುವವರು ಸೀದಾ ಠಾಣೆಗೆ ಹೋಗುತ್ತಾರೆ. ಕೌಟುಂಬಿಕ ಕಾಯ್ದೆಯಲ್ಲಿ ಬೇಕಾಗಿರುವುದು 12ನೇ ಸೆಕ್ಷನ್‌ನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಕೊಡುವವಳು ಅರ್ಜಿದಾರಳು, ಎದುರಿಗಿರುವವರು ಎದುರುದಾರರು. ‘ಆರೋಪಿ’ ಆಗುವುದು ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶ ಮುರಿದಾಗ, 31ನೇ ಸೆಕ್ಷನ್‌ನಡಿ. ಆಗ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೈಲಿಗೆ ಕಳಿಸುವುದು ಬೇಡ, ಇರಲು ಮನೆ, ಮಕ್ಕಳ ಖರ್ಚು ಸಿಕ್ಕರೆ ಸಾಕು ಎನ್ನುವ ಹೆಂಗಸು ‘ಕೇಸು’ ಎಂಬ ಮಾತು ಕೇಳಿಯೇ ಹಿಂದೆ ಸರಿಯುತ್ತಾಳೆ. ಹಾಗೆಂದು ಪೊಲೀಸರ ಅಧ್ಯಾಯದಲ್ಲಿ ‘ಇದು ಸಿವಿಲ್ ವಿಷಯ’ ಎಂದು ಬರೆಯಬೇಡಿ, ಅದೂ ಅಪಾಯ. ಸಂಜ್ಞೇಯ ಅಪರಾಧ (ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದದ್ದು) ಕಂಡರೆ ಎಫ್‌ಐಆರ್ ಹಾಕುವ ಹೊಣೆ ಠಾಣೆಗೆ ಇದ್ದೇ ಇದೆ ಎಂದು 5ನೇ ಸೆಕ್ಷನ್ ಬಿಡಿಸಿ ಹೇಳಿದೆ. ಎರಡೂ ದಾರಿ ಒಟ್ಟಿಗೆ ಹಿಡಿಯಬಹುದು.

ಅಂಗನವಾಡಿ ಕಾರ್ಯಕರ್ತೆಯ ಪುಟದಲ್ಲಿ ‘ದೂರು ಕೊಡಬೇಕು’ ಎಂದಿದ್ದರೆ ‘ಮಾಹಿತಿ ಕೊಡಬಹುದು’ ಎಂದು ತಿದ್ದಿ. 4ನೇ ಸೆಕ್ಷನ್ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು ಎನ್ನುತ್ತದೆ. ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ದೂರುದಾರಳಾಗಿ ಸಹಿ ಹಾಕಬೇಕೆಂದು ತಿಳಿದರೆ ಅದೇ ಊರಲ್ಲಿ ಬಾಳಬೇಕಾದ ಕಾರ್ಯಕರ್ತೆ ಬಾಯಿ ಬಿಡುವುದಿಲ್ಲ.

‘ಎದುರುದಾರ’ನನ್ನು ‘ಗಂಡ’ ಎಂದು ಸರಳ ಮಾಡಲು ಹೋಗಬೇಡಿ. ಅತ್ತೆ, ನಾದಿನಿಯರೂ ಎದುರುದಾರರಾಗಬಹುದು: ಮೂಲ ಕಾಯ್ದೆಯಲ್ಲಿದ್ದ ‘ವಯಸ್ಕ ಪುರುಷ’ ಎಂಬ ಪದಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಅರ್ಜಿ ಹಾಕುವವಳೂ ಹೆಂಡತಿಯೇ ಆಗಿರಬೇಕಿಲ್ಲ. ತಾಯಿ, ತಂಗಿ, ವಿಧವೆ ಸೊಸೆ ಎಲ್ಲರಿಗೂ ಕಾಯ್ದೆ ಇದೆ.

ನಾನು ನೋಡಿದ ಅನುವಾದಗಳಲ್ಲಿ ಅತಿ ಕೆಟ್ಟದ್ದು ‘ಹಂಚಿಕೊಂಡ ಮನೆ’. ಕನ್ನಡದಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡ ಮನೆ ಎಂದರೆ ಪಾಲಾದ ಮನೆ! ಕಾಯ್ದೆ ಹೇಳುವುದು ಪೂರಾ ಉಲ್ಟಾ: ಅವಳು ಕೌಟುಂಬಿಕ ಸಂಬಂಧದಲ್ಲಿ ವಾಸವಿರುವ ಅಥವಾ ಯಾವತ್ತಾದರೂ ವಾಸವಿದ್ದ ಮನೆ, ಅದರ ಖಾತೆ ಅವಳ ಹೆಸರಲ್ಲಿ ಇಲ್ಲದಿದ್ದರೂ. ಮನೆ ಮಾವನ ಹೆಸರಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವಳನ್ನು ಹೊರಗಿಡುವಂತಿಲ್ಲ ಎಂದು 2020ರ ತೀರ್ಪೊಂದು ಹೇಳಿದೆ. ‘ಕೂಡಿ ವಾಸಿಸಿದ ಮನೆ’ ಎಂದು ಬರೆಯಿರಿ.

‘ಪರಿಹಾರ’ ಇನ್ನೊಂದು ಕಗ್ಗಂಟು. 20ನೇ ಸೆಕ್ಷನ್ನಿನಲ್ಲಿ ಎದುರುದಾರ ಕೊಡಬೇಕಾದ ಹಣ, ಅಂದರೆ ಚಿಕಿತ್ಸೆಯ ವೆಚ್ಚ, ತಪ್ಪಿದ ದುಡಿಮೆ, ಜೀವನಾಂಶ ಬರುತ್ತದೆ. 22ನೆಯದರಲ್ಲಿ ಮಾನಸಿಕ ಹಿಂಸೆಯೂ ಸೇರಿದಂತೆ ಆದ ನೋವಿಗೆ ನಷ್ಟಪರಿಹಾರ. ಇವೆರಡೂ ಅಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸರ್ಕಾರದ ನಿಧಿಯಿಂದ ಅಪರಾಧ ಸಂತ್ರಸ್ತರಿಗೆ ಕೊಡಿಸುವುದು ಮೂರನೆಯದು. ಮೂರಕ್ಕೂ ‘ಪರಿಹಾರ’ ಎಂದು ಬರೆದರೆ ಪ್ರಾಧಿಕಾರದಲ್ಲಿ ಸಿಗಬೇಕಾದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಕಾಯುತ್ತಾ ಕೂರುತ್ತಾರೆ. ಮೊದಲನೆಯದು ‘ಹಣಕಾಸಿನ ನೆರವು’, ಎರಡನೆಯದು ‘ನಷ್ಟಪರಿಹಾರ’, ಮೂರನೆಯದು ‘ಸಂತ್ರಸ್ತರ ಪರಿಹಾರ ನಿಧಿ’ ಎಂದು ಬೇರೆಬೇರೆ ಇರಲಿ.

ಜೊತೆಗೆ, ‘ಪ್ರಕರಣ’ವನ್ನು ಸೆಕ್ಷನ್ ಎಂಬರ್ಥದಲ್ಲಿ ಬಳಸಬೇಡಿ. ಶಾಸನ ಇಲಾಖೆಯ ಕನ್ನಡದಲ್ಲಿ ಅದು ಸರಿ, ಆದರೆ ನಿಮ್ಮ ಕರಡಿನಲ್ಲಿ ‘ಪ್ರಕರಣ 12ರಡಿ ದಾಖಲಾದ ಪ್ರಕರಣಗಳು’ ಎಂದಾಗಿರುತ್ತದೆ. ಠಾಣೆಯವರಿಗೆ ‘ಕಲಂ’, ಉಳಿದವರಿಗೆ ‘ಸೆಕ್ಷನ್’. ‘ಆಂತರಿಕ ದೂರು ಸಮಿತಿ’ಯೂ ಹಳೆಯದಾಯಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ‘ದೂರು’ ಹೋಗಿ ಬರೀ ‘ಆಂತರಿಕ ಸಮಿತಿ’ ಆಗಿದೆ, ಜಿಲ್ಲೆಯದು ‘ಸ್ಥಳೀಯ ಸಮಿತಿ’.

ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಇನ್ನೆರಡು ಉಳಿದಿವೆ. ತಿಂಗಳ ವರದಿಯ ನಮೂನೆಯಲ್ಲಿ ‘ಇತ್ಯರ್ಥ’ ಎಂಬ ಕಾಲಂ ಇದೆ, ಸರಿಯೇ? ಯೋಜನೆಗಳ ಹಿಂದಿ ಹೆಸರುಗಳನ್ನು ಕನ್ನಡಿಸಬೇಕೇ?

ಮೊದಲ ಉತ್ತರ ಕೊಟ್ಟವರು

ಹೆಸರುಗಳನ್ನು ಮುಟ್ಟಬೇಡಿ, ಬೇಕಾದರೆ ಒಂದು ಸಾಲಿನ ವಿವರಣೆ ಸೇರಿಸಿ. ಕೇಂದ್ರ ಸರ್ಕಾರದ ಮಹಿಳಾ ಯೋಜನೆ ‘ಮಿಷನ್ ಶಕ್ತಿ’ಯನ್ನು ಯಾವತ್ತೂ ಪೂರ್ತಿ ಬರೆಯಿರಿ. 2023ರ ಜೂನ್ 11ರಿಂದ ಈಚೆಗೆ ಕರ್ನಾಟಕದಲ್ಲಿ ‘ಶಕ್ತಿ’ ಎಂದರೆ ಹೆಂಗಸರ ಉಚಿತ ಬಸ್ಸು, ‘ಸ್ತ್ರೀಶಕ್ತಿ’ ಎಂದರೆ ಸ್ವಸಹಾಯ ಸಂಘ. ಮಿಷನ್ ಶಕ್ತಿಯ ಒಳಗಿನ ‘ಸಂಬಲ್’ ಎಂಬ ಉಪಯೋಜನೆಯನ್ನು ಡಿಟಿಪಿಯವರು ‘ಸಂಬಳ’ ಎಂದು ತಿದ್ದಿಬಿಡುತ್ತಾರೆ, ಕರಡಚ್ಚಿನಲ್ಲಿ ಕಣ್ಣಿಡಿ. ‘ಸಖಿ’ ಕೇಂದ್ರಕ್ಕೆ ‘ಆಶ್ರಯಧಾಮ’ ಎಂಬ ಅನುವಾದ ತಪ್ಪು. ಚಿಕಿತ್ಸೆ, ಪೊಲೀಸ್ ನೆರವು, ಆಪ್ತಸಮಾಲೋಚನೆ, ಕಾನೂನು ನೆರವು, ತಂಗಲು ಜಾಗ ಐದೂ ಒಂದೇ ಕಡೆ ಸಿಗಲೆಂದು ಮಾಡಿದ್ದು ಅದು. ತಂಗುವುದು ಹೆಚ್ಚೆಂದರೆ 5 ದಿನ, ತಾಯಿಯ ಜೊತೆ ಇರುವ ಗಂಡುಮಗುವಿಗೆ ವಯಸ್ಸಿನ ಮಿತಿಯೂ ಇದೆ. ಇದನ್ನು ಬರೆಯದೆ ಕಳಿಸಿದರೆ ಆ ಮಿತಿ ದಾಟಿದ ಹುಡುಗನನ್ನು ಕರೆದುಕೊಂಡು ರಾತ್ರಿ ಬಂದವಳು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

‘ಇತ್ಯರ್ಥ’ ಬೇಡವೇ ಬೇಡ. ರಾಜಿಯಾದದ್ದು, ಕೋರ್ಟಿನ ಆದೇಶ ಬಂದದ್ದು, ಬೇರೆ ಕಚೇರಿಗೆ ಕಳಿಸಿ ಕೈತೊಳೆದುಕೊಂಡದ್ದು, ಅವಳು ಮತ್ತೆ ಬರಲೇ ಇಲ್ಲ ಎಂಬುದು, ಎಲ್ಲವೂ ಆ ಒಂದು ಕಾಲಮ್ಮಿನಲ್ಲಿ ಅಡಗುತ್ತವೆ. ‘ಬುದ್ಧಿ ಹೇಳಿ ಕಳಿಸಲಾಗಿದೆ’ ಎಂಬುದೂ ಅಲ್ಲಿ ‘ಆಪ್ತಸಮಾಲೋಚನೆಯಿಂದ ಇತ್ಯರ್ಥ’ ಎಂದಾಗುತ್ತದೆ. 2006ರ ನಿಯಮಗಳ ಪ್ರಕಾರ ರಾಜಿಗೆ ಯತ್ನಿಸುವುದು ಅವಳು ಬಯಸಿದರೆ ಮಾತ್ರ, ಮತ್ತು ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಎದುರುದಾರನಿಗೆ ಅಲ್ಲಿ ಅವಕಾಶವಿಲ್ಲ. ಕಾಲಮ್ಮನ್ನು ಹೀಗೆ ಒಡೆಯಿರಿ: ‘ಆದೇಶ ಸಿಕ್ಕಿದೆ’, ‘ಅವಳ ಕೋರಿಕೆಯ ಮೇಲೆ ರಾಜಿ’, ‘ಬೇರೆ ಕಚೇರಿಗೆ ಕಳಿಸಿದೆ, ಅಲ್ಲಿ ತಲುಪಿದ ದಿನಾಂಕ’, ‘ಸಂಪರ್ಕ ತಪ್ಪಿದೆ, ಕೊನೆಯ ಕರೆಯ ದಿನಾಂಕ’. ಮೂರನೆಯದರಲ್ಲಿ ತಲುಪಿದ ದಿನಾಂಕವನ್ನು ಕಳಿಸಿದವರು ತುಂಬಬಾರದು, ಬರಮಾಡಿಕೊಂಡ ಕಚೇರಿಯವರೇ ತುಂಬಬೇಕು.